ನೀರಿನ ಬೋರ್ಡಿನವರಿಗೆ ದುಡ್ಡು ಕೊಡಬೇಕಾ? ಕೊಟ್ಟರೆ ಯಾವ ಲೆಕ್ಕದಲ್ಲಿ?

ಅಮೆರಿಕದಲ್ಲಿ ಪೌರತ್ವ ಸಿಕ್ಕಿ ಮೊದಲ ಸಲ ವೋಟು ಹಾಕುವವರಿಗೆ ಬ್ಯಾಲೆಟ್ ಪೇಪರಿನ ಉದ್ದ ನೋಡಿಯೇ ಸುಸ್ತಾಗುತ್ತದೆ. ಮೇಲುಗಡೆ ಅಧ್ಯಕ್ಷರು, ಸೆನೆಟರು. ಟೀವಿಯಲ್ಲಿ ನೋಡಿದ ಹೆಸರುಗಳು. ಕೆಳಕ್ಕೆ ಬರುತ್ತಾ ಬರುತ್ತಾ ಶಾಲಾ ಮಂಡಳಿ, ಕಾಲೇಜು ಮಂಡಳಿ. ಕೊನೆಗೆಲ್ಲೋ ಒಂದು ಮೂಲೆಯಲ್ಲಿ ‘ವಾಟರ್ ಡಿಸ್ಟ್ರಿಕ್ಟ್ ಡೈರೆಕ್ಟರ್’. ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ಜಿಲ್ಲೆಯಲ್ಲ, ಒಂದು ಪ್ರದೇಶದ ನೀರಿನ ವ್ಯವಸ್ಥೆ ನೋಡಿಕೊಳ್ಳುವ ಸ್ಥಳೀಯ ಸಂಸ್ಥೆ. ಅದರ ಬೋರ್ಡಿನ ಸದಸ್ಯರೇ ಡೈರೆಕ್ಟರು. ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಬರುವಷ್ಟರಲ್ಲಿ ಪೆನ್ನು ಕೆಳಗಿಟ್ಟಿರುತ್ತಾರೆ. ನಾನೂ ಇಟ್ಟಿದ್ದೆ.

ಆಮೇಲೆ ಒಂದು ದಿನ ಪಕ್ಕದ ಊರಿನ ಗೆಳೆಯನೊಬ್ಬ ಫೋನ್ ಮಾಡಿದ. ಮಂಡ್ಯ ಕಡೆಯವನು, ವಿ.ಸಿ. ನಾಲೆ ನೀರು ಕುಡಿದು ಬೆಳೆದವನು. ಅವನೂರಿನ ನೀರಿನ ಬೋರ್ಡು ಡೈರೆಕ್ಟರುಗಳ ಭತ್ಯೆ ಏರಿಸಲು ಹೊರಟಿತ್ತು. ಸಾರ್ವಜನಿಕರ ಅಭಿಪ್ರಾಯ ಕೇಳುವ ನೋಟಿಸ್ ಅವನ ಕಣ್ಣಿಗೆ ಬಿದ್ದಿತ್ತು. “ಅಲ್ಲಯ್ಯಾ, ನೀರು ಬಿಡೋ ಮೀಟಿಂಗಿಗೆ ಕೂತಿದ್ದಕ್ಕೂ ಇವರಿಗೆ ದುಡ್ಡು ಕೊಡ್ಬೇಕಾ? ನಮ್ಮೂರಲ್ಲಿ ಯಾರು ಕೊಡ್ತಿದ್ರು?” ಅಂದ.

ಕೇಳಬೇಕಾದ ಪ್ರಶ್ನೆಯೇ. ಉತ್ತರ ಹುಡುಕುತ್ತಾ ಹೋದಾಗ ಗೊತ್ತಾಗಿದ್ದು, ಕೊಡುವ ದಾರಿಗಳು ಒಂದೆರಡಲ್ಲ, ರಾಜ್ಯಕ್ಕೊಂದು ಇವೆ ಅಂತ. ನಿಮ್ಮೂರಲ್ಲೂ ಇಂಥ ನೋಟಿಸ್ ಬಂದರೆ, ಅಥವಾ ನೀವೇ ಒಂದು ಸೀಟಿಗೆ ನಿಲ್ಲೋಣ ಅಂದುಕೊಂಡಿದ್ದರೆ, ಯಾವ ದಾರಿ ಯಾವ ಊರಿಗೆ ಹೊಂದುತ್ತದೆ ಅಂತ ತೂಗಿ ನೋಡಲು ಇದು ಅನುಕೂಲಕ್ಕೆ ಬರಬಹುದು.

ಮೊದಲು, ಈ ಬೋರ್ಡು ಮಾಡೋದೇನು?

ನೀರಿನ ಬಿಲ್ಲಿನ ಮೇಲಿರುವ ಹೆಸರು ನೋಡಿ ಅದೇ ಬೋರ್ಡು ಅಂದುಕೊಳ್ಳಬೇಡಿ. ಸ್ಯಾನ್ ಹೋಸೆಯ ಬಹಳಷ್ಟು ಮನೆಗಳಿಗೆ ಬಿಲ್ ಕಳಿಸೋದು ಒಂದು ಖಾಸಗಿ ಕಂಪನಿ. ಆ ಕಂಪನಿಗೆ ಸಗಟಿನಲ್ಲಿ ನೀರು ಮಾರುವುದು, ಅಣೆಕಟ್ಟು ನೋಡಿಕೊಳ್ಳುವುದು, ಅಂತರ್ಜಲ ಕಾಯುವುದು ಸಾಂಟಾ ಕ್ಲಾರಾ ವ್ಯಾಲಿ ವಾಟರ್ ಡಿಸ್ಟ್ರಿಕ್ಟ್. ಜನ ಈಗ ‘ವ್ಯಾಲಿ ವಾಟರ್’ ಅನ್ನುತ್ತಾರೆ. 1929ರಲ್ಲಿ ಅದು ಹುಟ್ಟಿದಾಗ ಹೆಸರಿನಲ್ಲೇ ‘ವಾಟರ್ ಕನ್ಸರ್ವೇಶನ್ ಡಿಸ್ಟ್ರಿಕ್ಟ್’ ಅಂತಿತ್ತು. ತೋಟದವರು ಬಾವಿಗಳಿಂದ ನೀರೆತ್ತಿ ಎತ್ತಿ ನೆಲವೇ ಕುಸಿಯುತ್ತಿದ್ದ ಕಾಲ ಅದು. 1910ರ ದಶಕದಿಂದ 1960ರ ದಶಕದ ಕೊನೆಯ ಹೊತ್ತಿಗೆ ಸ್ಯಾನ್ ಹೋಸೆ ಪೇಟೆ ಸುಮಾರು 13 ಅಡಿ ಕೆಳಗಿಳಿದಿತ್ತು. ಅದನ್ನು ತಡೆಯಲು ಅಣೆಕಟ್ಟು ಕಟ್ಟಿದರು, ಇಂಗುಕೆರೆ ಮಾಡಿದರು, ಹೊರಗಿನಿಂದ ನೀರು ತಂದರು. ಇವನ್ನೆಲ್ಲ ತೀರ್ಮಾನ ಮಾಡುವುದು ಚುನಾಯಿತರಾದ 7 ಜನ ಡೈರೆಕ್ಟರುಗಳು.

ಅಂದರೆ ಇದು ಸುಮ್ನೆ ಕಾಫಿ ಕುಡಿದು ಎದ್ದು ಬರುವ ಸಭೆಯಲ್ಲ. ಸಭೆಗೆ ಮುಂಚೆ ದಪ್ಪ ಕಡತ ಓದಬೇಕು. ದರ ಏರಿಸಿದರೆ ಬೈಸಿಕೊಳ್ಳಬೇಕು, ಏರಿಸದಿದ್ದರೆ ಪೈಪು ಒಡೆದಾಗ ಬೈಸಿಕೊಳ್ಳಬೇಕು. ತಮ್ಮ ಆಸ್ತಿ, ಆದಾಯದ ಮೂಲಗಳನ್ನು ಪ್ರತಿವರ್ಷ ಬಹಿರಂಗ ಮಾಡಬೇಕು. ಸಹ ಡೈರೆಕ್ಟರುಗಳ ಜೊತೆ ಊಟಕ್ಕೆ ಕೂತು ಬೋರ್ಡಿನ ವಿಷಯ ಮಾತಾಡಿಕೊಳ್ಳುವುದಕ್ಕೂ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಅಡ್ಡಿಯಿದೆ. ಬ್ರೌನ್ ಆಕ್ಟ್ ಅಂತ, 1953ರದ್ದು. ಬಹುಮತದಷ್ಟು ಜನ ಸೇರಿ ಮಾತಾಡಿದರೆ ಅದೇ ಸಭೆ, ಅದಕ್ಕೆ ಜನರನ್ನು ಕರೆಯಬೇಕು.

ಇನ್ನೊಂದು ತುದಿಯಲ್ಲಿ ಒಂದೆರಡು ಹಳ್ಳಿಗೆ, ಐನೂರು ಆರುನೂರು ಮನೆಗೆ ನೀರು ಕೊಡುವ ಪುಟ್ಟ ಡಿಸ್ಟ್ರಿಕ್ಟುಗಳಿವೆ. ಅಲ್ಲಿ ತಿಂಗಳಿಗೊಂದು ಸಭೆ ಆದರೆ ಹೆಚ್ಚು. ಈ ಎರಡಕ್ಕೂ ಒಂದೇ ಅಳತೆ ಹಿಡಿದರೆ ಎಡವಟ್ಟಾಗುತ್ತದೆ.

ದಾರಿ ಒಂದು: ಬಿಟ್ಟಿ ಸೇವೆ

ಅಮೆರಿಕದ ಮಣ್ಣು-ನೀರು ಸಂರಕ್ಷಣಾ ಡಿಸ್ಟ್ರಿಕ್ಟುಗಳು ಹುಟ್ಟಿದ್ದೇ ಬಿಟ್ಟಿ ಸೇವೆಯ ಮೇಲೆ. 1930ರ ದಶಕದಲ್ಲಿ ಧೂಳಿನ ಬಿರುಗಾಳಿ ಎದ್ದು ಬಯಲು ಸೀಮೆಯ ಮಣ್ಣೆಲ್ಲ ಹಾರಿಹೋಗುತ್ತಿತ್ತು. ಹ್ಯೂ ಹ್ಯಾಮಂಡ್ ಬೆನೆಟ್ ಎಂಬ ಮಣ್ಣಿನ ತಜ್ಞ ಸರ್ಕಾರದ ಬೆನ್ನು ಹತ್ತಿದ. 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಮಾದರಿ ಕಾಯ್ದೆಯನ್ನು ಎಲ್ಲ ರಾಜ್ಯಗಳ ಗವರ್ನರುಗಳಿಗೆ ಕಳಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ನಾರ್ತ್ ಕೆರೊಲಿನಾದ ಆನ್ಸನ್ ಕೌಂಟಿಯಲ್ಲಿ ಬ್ರೌನ್ ಕ್ರೀಕ್ ಡಿಸ್ಟ್ರಿಕ್ಟ್ ಶುರುವಾಯಿತು. ದೇಶದಲ್ಲೇ ಮೊದಲನೆಯದು. ಅದು ಬೆನೆಟ್ ಹುಟ್ಟಿದ ಕೌಂಟಿಯೂ ಹೌದು. ಇವತ್ತು ದೇಶದ ತುಂಬ ಇಂಥವು ಸುಮಾರು 3,000 ಇವೆ. ಬಹಳ ಕಡೆ 5 ಜನರ ಮಂಡಳಿ. ಊರಿನ ರೈತರೇ ಕೂತು, ಯಾವ ಹೊಲಕ್ಕೆ ಬದು, ಯಾವ ಹಳ್ಳಕ್ಕೆ ಸಣ್ಣ ಒಡ್ಡು ಅಂತ ತೀರ್ಮಾನಿಸುತ್ತಾರೆ. ಬಹಳ ರಾಜ್ಯಗಳಲ್ಲಿ ಸಂಬಳವಿಲ್ಲ. ಕೈಯಿಂದ ಹಾಕಿದ ಪೆಟ್ರೋಲ್ ಖರ್ಚು ವಾಪಸ್ ಸಿಕ್ಕಿದರೆ ಸಿಕ್ಕಿತು.

ಈ ಕೆಲಸಕ್ಕೆ ಆ ಪದ್ಧತಿ ಸರಿಹೋಗುತ್ತದೆ. ಅಲ್ಲಿ ಮಂಡಳಿ ಯಾರ ಮೇಲೂ ದೊಡ್ಡ ಹೊರೆ ಹೇರುವುದಿಲ್ಲ. ಒಪ್ಪಿ ಬಂದ ರೈತನಿಗೆ ನೆರವು ಕೊಡುತ್ತದೆ, ಅಷ್ಟೇ. ಕೂತವರಿಗೂ ತಮ್ಮ ನೆಲದ ಮೇಲಿನ ಅಕ್ಕರೆಯೇ ಸಂಬಳ.

ಆದರೆ ಇದೇ ಬಿಟ್ಟಿ ಪದ್ಧತಿ ಫ್ಲಾರಿಡಾದಲ್ಲಿ ಎಷ್ಟು ದೊಡ್ಡ ಕೆಲಸಕ್ಕಿದೆ ನೋಡಿ. 1972ರ ಕಾಯ್ದೆಯಿಂದ ಹುಟ್ಟಿದ 5 ನೀರು ನಿರ್ವಹಣಾ ಡಿಸ್ಟ್ರಿಕ್ಟುಗಳಿವೆ. ಅವುಗಳ ಆಡಳಿತ ಮಂಡಳಿಯವರಿಗೆ ಸಂಬಳವಿಲ್ಲ, ಪ್ರಯಾಣ ಖರ್ಚು ಮಾತ್ರ. ದಕ್ಷಿಣ ಫ್ಲಾರಿಡಾದ ಡಿಸ್ಟ್ರಿಕ್ಟ್ 16 ಕೌಂಟಿಗಳಿಗೆ ಹರಡಿದೆ. ಎವರ್‌ಗ್ಲೇಡ್ಸ್ ಜೌಗುನಾಡನ್ನು ಮತ್ತೆ ಬದುಕಿಸುವ ಕೆಲಸವೂ ಅದರ ತಲೆ ಮೇಲಿದೆ. ಬಜೆಟ್ 100 ಕೋಟಿ ಡಾಲರ್ ದಾಟುತ್ತದೆ. ಅಷ್ಟು ಹಣ ಖರ್ಚಾಗುವುದನ್ನು 9 ಜನ ಸಂಬಳವಿಲ್ಲದೆ ನೋಡಿಕೊಳ್ಳುತ್ತಾರೆ.

ಕೇಳೋಕೆ ತ್ಯಾಗ ಅನ್ನಿಸುತ್ತದೆ, ಅಲ್ವಾ? ಆದರೆ ವಾರದ ಮಧ್ಯೆ ಹಗಲು ಹೊತ್ತು ಸಂಬಳ ಬಿಟ್ಟು ಬಂದು ಕೂರಲು ಯಾರಿಗೆ ಆಗುತ್ತದೆ? ಸ್ವಂತ ಜಮೀನು, ಕಂಪನಿ, ವಕೀಲಿಕೆ ಇರುವವರಿಗೆ. ನಿವೃತ್ತರಿಗೆ. ದಿನಗೂಲಿಯ ಮೇಲೆ ಬದುಕುವವರಿಗೆ, ಮಕ್ಕಳನ್ನು ನೋಡಿಕೊಳ್ಳಲು ಆಳಿಗೆ ದುಡ್ಡು ಕೊಡಬೇಕಾದ ತಾಯಿಗೆ ಆಗುವುದಿಲ್ಲ. ಮೇಲಾಗಿ ಆ ಮಂಡಳಿಗೆ ಜನ ವೋಟು ಹಾಕುವುದಿಲ್ಲ, ಗವರ್ನರ್ ನೇಮಿಸುತ್ತಾರೆ. 2019ರ ಜನವರಿಯಲ್ಲಿ ಹೊಸದಾಗಿ ಬಂದ ಗವರ್ನರ್ ಡಿಸ್ಯಾಂಟಿಸ್ ಇಡೀ ದಕ್ಷಿಣ ಫ್ಲಾರಿಡಾ ಮಂಡಳಿಯ ರಾಜೀನಾಮೆ ಕೇಳಿದರು. ಸಂಬಳ ಇಲ್ಲದಿದ್ದ ಮಾತ್ರಕ್ಕೆ ಯಾರ ಮುಲಾಜೂ ಇರುವುದಿಲ್ಲ ಅಂತೇನಿಲ್ಲ.

ಇಲ್ಲೊಂದು ಹಳೇ ಕತೆ ಹೇಳಲೇಬೇಕು. ಭತ್ಯೆ ಎಷ್ಟು ಅಂತ ಮಾತ್ರ ನೋಡುವವರಿಗೆ ಕಾಣದ ವಿಷಯ ಇದರಲ್ಲಿದೆ. ಕ್ಯಾಲಿಫೋರ್ನಿಯಾದ ಟುಲಾರಿ ಸರೋವರದ ಒಣಗಿದ ಪಾತ್ರದಲ್ಲಿ 1,93,000 ಎಕರೆಯ ಒಂದು ನೀರು ಶೇಖರಣಾ ಡಿಸ್ಟ್ರಿಕ್ಟ್. ಅಲ್ಲಿ ಮನುಷ್ಯನಿಗೊಂದು ವೋಟಲ್ಲ. ಜಮೀನಿನ ಬೆಲೆಗೆ ತಕ್ಕಷ್ಟು ವೋಟು. ನಾಲ್ಕು ಕಂಪನಿಗಳೇ ಶೇ. 85ರಷ್ಟು ಜಮೀನು ಸಾಗುವಳಿ ಮಾಡುತ್ತಿದ್ದವು. ಅವುಗಳಲ್ಲಿ ದೊಡ್ಡದಾದ ಬಾಸ್‌ವೆಲ್ ಕಂಪನಿ ಒಂದಕ್ಕೇ ಬೋರ್ಡಿನ ಬಹುಮತ ಆರಿಸುವಷ್ಟು ವೋಟಿತ್ತು. 1969ರಲ್ಲಿ ಪ್ರವಾಹ ಬಂತು. ಹೆಚ್ಚಿನ ನೀರನ್ನು ಬ್ಯೂನಾ ವಿಸ್ಟಾ ಎಂಬ ಇನ್ನೊಂದು ಕೆರೆ ಪಾತ್ರಕ್ಕೆ ತಿರುಗಿಸಬಹುದಿತ್ತು. ಆದರೆ ಆ ಪಾತ್ರದಲ್ಲಿ ಬಾಸ್‌ವೆಲ್ ಗುತ್ತಿಗೆಗೆ ಹಿಡಿದ ಜಮೀನಿತ್ತು. ನೀರು ತಿರುಗಿಸುವ ಮಾತನ್ನೇ ಮುಂದೂಡೋಣ ಅಂತ ಬೋರ್ಡು 6–4 ಮತಗಳಿಂದ ತೀರ್ಮಾನಿಸಿತು. ಟುಲಾರಿಯಲ್ಲಿ ಸಾವಿರಾರು ಎಕರೆ ಮುಳುಗಿತು. 1973ರಲ್ಲಿ ಸುಪ್ರೀಂ ಕೋರ್ಟ್ ಜಮೀನು ಲೆಕ್ಕದ ಆ ಮತಪದ್ಧತಿಯನ್ನೇ ಎತ್ತಿಹಿಡಿಯಿತು. ಪ್ರವಾಹದ ಈ ಕತೆ ದಾಖಲಾಗಿ ಉಳಿದದ್ದು ತೀರ್ಪನ್ನು ಒಪ್ಪದ ನ್ಯಾಯಮೂರ್ತಿ ಡಗ್ಲಸ್ ಬರೆದದ್ದರಿಂದ.

ಆ 6 ಜನ ಯಾವ ಭತ್ಯೆಯ ಆಸೆಗೆ ಕೈಯೆತ್ತಿದ್ದರು ಹೇಳಿ? ಬೋರ್ಡಿನವರಿಗೆ ಬಿಡಿಗಾಸು ಕೊಡದಿದ್ದರೂ ಅವರಿಗೆ ಬೇರೆ ಕಡೆಯಿಂದ ಲಾಭವಿದ್ದೇ ಇರಬಹುದು. ಹಾಗಾಗಿ “ನಮ್ಮ ಬೋರ್ಡು ಪೂರ್ತಿ ಉಚಿತ” ಅಂತ ಯಾರಾದರೂ ಹೆಮ್ಮೆ ಪಟ್ಟರೆ, ಕೂತವರೆಲ್ಲ ಯಾವ ಕಸುಬಿನವರು ಅಂತ ಒಮ್ಮೆ ಕೇಳಿ.

ಮಂಡ್ಯದ ಗೆಳೆಯನಿಗೆ ನಾನು ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ನಮ್ಮ ಕೋಲಾರ ಕಡೆಯ ಕೆರೆಗಳಲ್ಲಿ ತೂಬು ಎತ್ತಿ ಗದ್ದೆಗೆ ನೀರು ಬಿಡುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಲ್ಲೇ ಕಾಳು ಅಳೆದು ಕೊಡುತ್ತಿದ್ದರು. ಕೆಲಸ ಮಾಡಿದವನಿಗೆ ಕೂಲಿ, ಅಚ್ಚುಕಟ್ಟಿನವರೆಲ್ಲರ ಪಾಲಿನಿಂದ. ತೀರ್ಮಾನ ಹೇಳುವ ಊರ ಯಜಮಾನರಿಗೆ ಯಾರೂ ಅಳೆದು ಕೊಡುತ್ತಿರಲಿಲ್ಲ ನಿಜ. ಆದರೆ ಅವರ ಗದ್ದೆ ಎಲ್ಲಿರುತ್ತಿತ್ತು? ತೂಬಿನ ಬುಡದಲ್ಲೇ ಅಲ್ವಾ! ಗೆಳೆಯ ನಕ್ಕ.

ದಾರಿ ಎರಡು: ದಿನಕ್ಕಿಷ್ಟು

ಇದೇ ಹೆಚ್ಚು ಚಾಲ್ತಿಯಲ್ಲಿರುವುದು. ನನಗೆ ಹಿಡಿಸಿದ್ದೂ ಇದೇ. ಆದರೆ ಇದರಲ್ಲಿ ಸೋರುವ ತೂತುಗಳೂ ಜಾಸ್ತಿ. ಅದಕ್ಕೇ ಎರಡು ರಾಜ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಕ್ಯಾಲಿಫೋರ್ನಿಯಾದ ನೀರಿನ ಕಾನೂನಿನಲ್ಲಿ (ವಾಟರ್ ಕೋಡ್) ಮೂಲ ದರ ದಿನಕ್ಕೆ 100 ಡಾಲರ್. ತಿಂಗಳಿಗೆ 10 ದಿನಕ್ಕಿಂತ ಹೆಚ್ಚು ಕೊಡುವಂತಿಲ್ಲ. 100ಕ್ಕಿಂತ ಏರಿಸಬೇಕಾದರೆ ಬೋರ್ಡು ಜನರ ಅಹವಾಲು ಕೇಳುವ ಸಭೆ ಕರೆಯಬೇಕು, ಪತ್ರಿಕೆಯಲ್ಲಿ ನೋಟಿಸ್ ಹಾಕಬೇಕು, ಆಮೇಲೆ ಸ್ಥಳೀಯ ಕಾಯ್ದೆಯಾಗಿ ಪಾಸು ಮಾಡಬೇಕು. ಹಿಂದಿನ ಸಲ ಏರಿಸಿದ ಮೇಲೆ ಕಳೆದ ಒಂದೊಂದು ವರ್ಷಕ್ಕೆ ಶೇ. 5ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಪಾಸಾದ 60 ದಿನಕ್ಕೆ ಜಾರಿ. ಆ 60 ದಿನದೊಳಗೆ ಜನ ಸಹಿ ಸಂಗ್ರಹಿಸಿ “ಇದನ್ನು ವೋಟಿಗೆ ಹಾಕಿ” ಅಂತ ಕೇಳಬಹುದು.

ಶೇ. 5 ಸಣ್ಣದು ಅನ್ನಿಸುತ್ತದೆ. ವರ್ಷವೂ ತಪ್ಪದೆ ಏರಿಸಿದರೆ 10 ವರ್ಷದಲ್ಲಿ 100 ಇದ್ದದ್ದು 163 ಆಗುತ್ತದೆ, 15 ವರ್ಷದಲ್ಲಿ ದುಪ್ಪಟ್ಟು ದಾಟುತ್ತದೆ. ಇದು ಅನ್ಯಾಯ ಅಂತ ನಾನು ಹೇಳುತ್ತಿಲ್ಲ. 2024ರಲ್ಲಿ ಆ ರಾಜ್ಯದ ಕನಿಷ್ಠ ಕೂಲಿ ಗಂಟೆಗೆ 16 ಡಾಲರ್ ಇತ್ತು. 8 ಗಂಟೆಗೆ 128. ಕಡತ ಓದಿ, ಸಭೆ ಮುಗಿಸಿ, ರಾತ್ರಿ ಹತ್ತಕ್ಕೆ ಮನೆ ಸೇರುವವರಿಗೆ 100 ಡಾಲರ್ ಸಿಕ್ಕರೆ ಬರ್ಗರ್ ಅಂಗಡಿಯ ಹುಡುಗನಿಗಿಂತ ಕಡಿಮೆ ಸಿಕ್ಕ ಹಾಗಾಯಿತು.

ಟೆಕ್ಸಾಸಿನ ಲೆಕ್ಕವೇ ಬೇರೆ. ಅಲ್ಲಿ ಅಂತರ್ಜಲ ಸಂರಕ್ಷಣಾ ಡಿಸ್ಟ್ರಿಕ್ಟುಗಳಿವೆ. ಮೊದಲನೆಯದು 1951ರಲ್ಲಿ ಲಬ್ಬಕ್ ಸುತ್ತಮುತ್ತ ಹುಟ್ಟಿತು. ನನ್ನ ಬಾವಿ, ನನ್ನ ಪಂಪು, ಎಷ್ಟು ಬೇಕಾದರೂ ಎತ್ತುತ್ತೇನೆ ಅನ್ನುವ ನಾಡು ಅದು. ನಮ್ಮ ಬೋರ್‌ವೆಲ್ ಸೀಮೆಗಳ ನೆನಪಾದರೆ ತಪ್ಪಿಲ್ಲ. ಅಂಥ ಕಡೆ ಕಡಿವಾಣ ಹಾಕುವ ಕೆಲಸ ಈ ಬೋರ್ಡಿನದು. ಇಲ್ಲಿ ಡೈರೆಕ್ಟರಿಗೆ ದಿನಕ್ಕೆ 250 ಡಾಲರ್ ತನಕ ಕೊಡಬಹುದು. ಕ್ಯಾಲಿಫೋರ್ನಿಯಾದ ಮೂಲ ದರದ ಎರಡೂವರೆ ಪಟ್ಟು! ಆದರೆ ವರ್ಷಕ್ಕೆ ಒಟ್ಟು 9,000 ದಾಟುವಂತಿಲ್ಲ. ಭಾಗಿಸಿ ನೋಡಿ. ಪೂರ್ತಿ ದರ ತಗೊಂಡರೆ 36 ದಿನ, ಅಂದರೆ ತಿಂಗಳಿಗೆ 3. ಕ್ಯಾಲಿಫೋರ್ನಿಯಾದಲ್ಲಿ 100ರ ದರದಲ್ಲೇ ತಿಂಗಳಿಗೆ 10 ದಿನದಂತೆ ವರ್ಷಕ್ಕೆ 12,000 ಆಗುತ್ತದೆ. ದಿನದ ದರ ನೋಡಿದರೆ ಟೆಕ್ಸಾಸ್ ದುಬಾರಿ, ವರ್ಷದ ಮೊತ್ತ ನೋಡಿದರೆ ಕ್ಯಾಲಿಫೋರ್ನಿಯಾ ದುಬಾರಿ.

ನೋಟಿಸಿನಲ್ಲಿ ದಪ್ಪಕ್ಷರದಲ್ಲಿ ಇರುವುದು ದಿನದ ದರ. ನೀವು ನೋಡಬೇಕಾದ್ದು ವರ್ಷದ ಮಿತಿ.

ಟೆಕ್ಸಾಸಿನ ಇನ್ನೊಂದು ಪದ್ಧತಿ ನನಗೆ ಬಹಳ ಇಷ್ಟ. ದುಡ್ಡು ತಗೊಳ್ಳುವ ಮುಂಚೆ ಡೈರೆಕ್ಟರು ಒಂದು ಹೇಳಿಕೆ ಬರೆದು ಕೊಡಬೇಕು. ಎಷ್ಟು ದಿನ ಕೆಲಸ ಮಾಡಿದೆ, ಏನು ಮಾಡಿದೆ, ಇದು ನಿಜ ಅಂತ ಪ್ರಮಾಣ ಸಹಿತ. ಒಂದು ಹಾಳೆ ಸಾಕು. “ಮಂಗಳವಾರ ಬಾವಿ ಪರವಾನಗಿ ವಿಚಾರಣೆ, ಗುರುವಾರ ಬಜೆಟ್ ಸಭೆ” ಅಂತ ಕೈಯಾರೆ ಬರೆದು ಸಹಿ ಹಾಕುವಾಗ ಇಲ್ಲದ ದಿನ ಸೇರಿಸಲು ಬೆರಳು ಸ್ವಲ್ಪ ತಡೆಯುತ್ತದೆ.

‘ದಿನ’ ಅಂದರೆ ಯಾವ ದಿನ?

ಇದೇ ಅಸಲಿ ಪ್ರಶ್ನೆ. ಬೋರ್ಡಿನ ಸಭೆಯ ದಿನ ಸರಿ. ಉಪಸಮಿತಿ ಸಭೆ? ಇರಲಿ. ಮ್ಯಾನೇಜರ ಜೊತೆ ಒಂದು ತಾಸು ಮಾತು? ಊರ ಜಾತ್ರೆಯಲ್ಲಿ ಡಿಸ್ಟ್ರಿಕ್ಟಿನ ಮಳಿಗೆ ಮುಂದೆ ನಿಂತಿದ್ದು? ಸ್ಯಾನ್ ಡಿಯಾಗೋದಲ್ಲಿ ಮೂರು ದಿನದ ಸಮ್ಮೇಳನ, ಜೊತೆಗೆ ಹೋಗಲು ಬರಲು ಎರಡು ದಿನ?

ಕ್ಯಾಲಿಫೋರ್ನಿಯಾ ಇದಕ್ಕೆ 2005ರಲ್ಲಿ ಒಂದು ಕಾನೂನು ಮಾಡಿತು. ಎಬಿ 1234 ಅಂತಲೇ ಎಲ್ಲರೂ ಕರೆಯೋದು. ಅದರ ಪ್ರಕಾರ ಬೋರ್ಡಿನ ಸಭೆ, ಸಲಹಾ ಸಮಿತಿಯ ಸಭೆ, ಸಮ್ಮೇಳನ ಅಥವಾ ತರಬೇತಿಗೆ ನೇರವಾಗಿ ದುಡ್ಡು ಕೊಡಬಹುದು. ಮಿಕ್ಕ ಯಾವುದಕ್ಕೇ ಕೊಡಬೇಕಾದರೂ ಬಹಿರಂಗ ಸಭೆಯಲ್ಲಿ ಲಿಖಿತ ನಿಯಮ ಮಾಡಿಟ್ಟಿರಬೇಕು. ದುಡ್ಡು ಪಡೆಯುವವರು ಎರಡು ವರ್ಷಕ್ಕೊಮ್ಮೆ 2 ಗಂಟೆಯ ನೀತಿ ತರಬೇತಿಗೆ ಕೂರಬೇಕು. ಡಿಸ್ಟ್ರಿಕ್ಟಿನ ಖರ್ಚಿನಲ್ಲಿ ಎಲ್ಲಿಗಾದರೂ ಹೋಗಿ ಬಂದರೆ ಮುಂದಿನ ಸಭೆಯಲ್ಲಿ ಏನಾಯಿತು ಅಂತ ಚಿಕ್ಕದಾಗಿ ವರದಿ ಒಪ್ಪಿಸಬೇಕು.

ನಿಮ್ಮ ಡಿಸ್ಟ್ರಿಕ್ಟಿನ ಆ ಲಿಖಿತ ನಿಯಮವನ್ನು ಕೇಳಿ ತರಿಸಿಕೊಳ್ಳಿ. ಒಂದು ಪುಟದಲ್ಲಿ ಮುಗಿದಿದ್ದರೆ ಒಳ್ಳೆಯದು. ‘ಡಿಸ್ಟ್ರಿಕ್ಟಿನ ಹಿತಕ್ಕಾಗಿ ನಡೆಯುವ ಇತರ ಕಾರ್ಯಕ್ರಮಗಳು’ ಅನ್ನುವಂಥ ಸಾಲು ಕಂಡರೆ ಅಲ್ಲೇ ಬೆರಳಿಡಿ. ಎಲ್ಲ ದಿನವೂ ಹೊಕ್ಕುವಷ್ಟು ಅಗಲದ ಬಾಗಿಲು ಅದು. ಒಂದೇ ದಿನ ಎರಡು ಸಭೆ ಇದ್ದರೆ ಒಂದೇ ದಿನದ ಲೆಕ್ಕ ಅಂತ ಸ್ಪಷ್ಟವಾಗಿ ಬರೆದಿದೆಯೇ ಅಂತಲೂ ನೋಡಿ. ಇದ್ದರೆ ಸಭೆಗಳೆಲ್ಲ ತಾವಾಗಿಯೇ ಒಂದೇ ದಿನಕ್ಕೆ ಬರುತ್ತವೆ. ಇಲ್ಲದಿದ್ದರೆ ವಾರಪೂರ್ತಿ ಹರಡಿಕೊಳ್ಳುತ್ತವೆ!

ಒಬ್ಬರೇ ಎರಡು ಮೂರು ಸಂಸ್ಥೆಗಳಲ್ಲಿ ಕೂತು ಎಲ್ಲ ಕಡೆಯಿಂದಲೂ ಭತ್ಯೆ ಪಡೆಯುವುದು ಇನ್ನೊಂದು ಜಾಣತನ. ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನೋದಕ್ಕೆ ಬೆಲ್ ಅನ್ನುವ ಊರಿದೆ. ಅದು ನೀರಿನ ಡಿಸ್ಟ್ರಿಕ್ಟಲ್ಲ, ಲಾಸ್ ಏಂಜಲಿಸ್ ಪಕ್ಕದ ಬಡವರ ಪುಟ್ಟ ನಗರ. ಅಲ್ಲಿನ ಅರೆಕಾಲಿಕ ಕೌನ್ಸಿಲರುಗಳು ವರ್ಷಕ್ಕೆ ಹತ್ತಿರ ಹತ್ತಿರ 1 ಲಕ್ಷ ಡಾಲರ್ ಪಡೆಯುತ್ತಿದ್ದದ್ದು 2010ರಲ್ಲಿ ಲಾಸ್ ಏಂಜಲಿಸ್ ಟೈಮ್ಸ್ ವರದಿಯಿಂದ ಬಯಲಾಯಿತು. ಅದರಲ್ಲಿ ಬಹುಪಾಲು ಬಂದದ್ದು ಹೆಸರಿಗೆ ಮಾತ್ರ ಇದ್ದ ಬೇರೆ ಬೇರೆ ಮಂಡಳಿಗಳಲ್ಲಿ ಕೂತದ್ದಕ್ಕೆ. ಜೈಲಿಗೆ ಹೋದವರೂ ಇದ್ದಾರೆ. ಆ ಗಲಾಟೆಯಿಂದ ಒಂದು ಉಪಕಾರವಾಯಿತು. ಸರ್ಕಾರದ ಹಣಕಾಸಿನ ಲೆಕ್ಕ ನೋಡುವ ಕ್ಯಾಲಿಫೋರ್ನಿಯಾದ ಸ್ಟೇಟ್ ಕಂಟ್ರೋಲರ್ ಕಚೇರಿ ಎಲ್ಲ ಸ್ಥಳೀಯ ಸಂಸ್ಥೆಗಳ ಸಂಬಳವನ್ನು ಜಾಲತಾಣಕ್ಕೆ ಹಾಕತೊಡಗಿತು. ನಿಮ್ಮ ನೀರಿನ ಡಿಸ್ಟ್ರಿಕ್ಟಿನ ಹೆಸರು ಹೊಡೆದರೆ ಡೈರೆಕ್ಟರ್ ಹುದ್ದೆಗೆ ಎಷ್ಟು ಹೋಗಿದೆ ಅಂತ ಅಲ್ಲೇ ಕಾಣುತ್ತದೆ. ಸಭೆಗೆ ಹೋಗುವ ಹಿಂದಿನ ರಾತ್ರಿ ಹತ್ತು ನಿಮಿಷ ಸಾಕು.

ದಾರಿ ಮೂರು: ತಿಂಗಳ ಸಂಬಳ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದ ನೀರಾವರಿ ಡಿಸ್ಟ್ರಿಕ್ಟುಗಳ ಕಾನೂನಿನಲ್ಲಿ ಎರಡು ಆಯ್ಕೆಗಳಿವೆ. ದಿನಕ್ಕೆ 100ರಂತೆ ತಿಂಗಳಿಗೆ 6 ದಿನ, ಅಥವಾ ತಿಂಗಳಿಗೆ 600ರ ತನಕ ಸಂಬಳ. ಗುಣಿಸಿದರೆ ಎರಡೂ ಒಂದೇ. ಹಾಗಿದ್ದರೆ ಏನು ವ್ಯತ್ಯಾಸ? ಸಂಬಳವಾದರೆ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಲೆಕ್ಕ ಬರೆಯುವ ಗುಮಾಸ್ತರಿಗೆ ಸುಲಭ. ಇಲ್ಲದ ಸಭೆಗಳನ್ನು ಹುಟ್ಟಿಸುವ ಆಸೆಯೂ ಇರುವುದಿಲ್ಲ. ಆದರೆ ಗೈರುಹಾಜರಾದವರಿಗೂ ಚೆಕ್ ಹೋಗುತ್ತದೆ. ಸಂಬಳ ಆರಿಸಿಕೊಂಡರೆ ಒಂದು ಷರತ್ತು ಹಾಕಿ: ಸಭೆ ತಪ್ಪಿಸಿದರೆ ಅಷ್ಟು ಕಡಿತ. ಅದಿಲ್ಲದ ತಿಂಗಳ ಸಂಬಳ ನನಗಂತೂ ಸರಿ ಕಾಣುವುದಿಲ್ಲ.

ನಾಲ್ಕನೆಯದು ನೋಟಿಸಿನಲ್ಲಿ ಇರುವುದಿಲ್ಲ

ವಿಮೆ. ಹೌದು, ಆರೋಗ್ಯ ವಿಮೆ. ಕೆಲವು ಡಿಸ್ಟ್ರಿಕ್ಟುಗಳು ಡೈರೆಕ್ಟರುಗಳಿಗೂ, ಅವರ ಮನೆಯವರಿಗೂ ನೌಕರರ ಹಾಗೆಯೇ ಆರೋಗ್ಯ ವಿಮೆ ಕೊಡುತ್ತವೆ. ಅಮೆರಿಕದಲ್ಲಿ ಒಂದು ಸಂಸಾರದ ವಿಮೆಗೆ ಎಷ್ಟಾಗುತ್ತದೆ ಅಂತ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೆ 100 ಕೊಡಬೇಕೋ 150 ಕೊಡಬೇಕೋ ಅಂತ ಜನ ಎರಡು ತಾಸು ಜಗಳ ಆಡಿರುತ್ತಾರೆ. ಅದೇ ಹೊತ್ತಿಗೆ ವರ್ಷದ ಭತ್ಯೆಗಿಂತ ದೊಡ್ಡ ಮೊತ್ತ ವಿಮೆಯ ಸಾಲಿನಲ್ಲಿ ತಣ್ಣಗೆ ಕೂತಿರುತ್ತದೆ. ಅರವತ್ತಾಗಿ ಕೆಲಸ ಬಿಟ್ಟು, ಸರ್ಕಾರದ ಮೆಡಿಕೇರ್ ಸಿಗುವ 65ಕ್ಕೆ ಕಾಯುತ್ತಿರುವವರಿಗೆ ಬೋರ್ಡಿನ ಸೀಟು ಆಕರ್ಷಕ ಆಗುವುದು ಹೀಗೆಯೇ.

ಭತ್ಯೆ ಬೇರೆ, ವಿಮೆ ಬೇರೆ ಅಂತ ಎರಡು ಸಲ ಚರ್ಚೆಗೆ ಬರಲಿ ಅನ್ನೋದು ನನ್ನ ಅಭಿಪ್ರಾಯ. ಭತ್ಯೆ ಸ್ವಲ್ಪ ಜಾಸ್ತಿಯೇ ಇರಲಿ, ವಿಮೆ ಬೇಡ. ಬೇಕಾದವರು ತಮ್ಮ ದುಡ್ಡು ಕಟ್ಟಿ ಗುಂಪು ವಿಮೆಗೆ ಸೇರಿಕೊಳ್ಳಲಿ. ಹಾಗಾದರೆ ಯಾರಿಗೆ ಎಷ್ಟು ಸಿಗುತ್ತಿದೆ ಅನ್ನೋದು ಒಂದೇ ಅಂಕೆಯಲ್ಲಿ ಕಾಣುತ್ತದೆ.

ಪ್ರಯಾಣ ಖರ್ಚಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೈಲಿಗೆ ಇಷ್ಟು ಅಂತ ತೆರಿಗೆ ಇಲಾಖೆ ದರ ಗೊತ್ತು ಮಾಡಿರುತ್ತದೆ. ರಸೀದಿ ಕೊಟ್ಟು ದುಡ್ಡು ತಗೊಂಡರೆ ಸರಿ. ಡೈರೆಕ್ಟರ ಕೈಗೆ ಬೋರ್ಡಿನ ಕ್ರೆಡಿಟ್ ಕಾರ್ಡು ಕೊಡಬೇಡಿ, ಅಷ್ಟೇ.

ಯಾವ ಊರಿಗೆ ಯಾವುದು?

ಬೋರ್ಡಿನ ಒಟ್ಟು ಖರ್ಚನ್ನು ಮನೆಗಳ ಲೆಕ್ಕಕ್ಕೆ ಭಾಗಿಸಿ ನೋಡಿ. 5 ಜನ ಡೈರೆಕ್ಟರು, ದಿನಕ್ಕೆ 100, ತಿಂಗಳಿಗೆ ಪೂರ್ತಿ 10 ದಿನ ಅಂತಿಟ್ಟುಕೊಳ್ಳಿ. ವರ್ಷಕ್ಕೆ 60,000 ಡಾಲರ್. ಡಿಸ್ಟ್ರಿಕ್ಟಿನಲ್ಲಿ 20,000 ಮನೆಗಳಿದ್ದರೆ ಒಂದು ಮನೆಗೆ ವರ್ಷಕ್ಕೆ 3 ಡಾಲರ್. ಒಂದು ಕಾಫಿಯ ದುಡ್ಡೂ ಅಲ್ಲ, ಅದಕ್ಕೆ ಜಗಳ ಬೇಡ. ಅದೇ 600 ಮನೆಗಳ ಡಿಸ್ಟ್ರಿಕ್ಟಾದರೆ ಮನೆಗೆ 100 ಡಾಲರ್. ಅಲ್ಲಿ ಆ ದುಡ್ಡಿಗೆ ಪ್ರತಿವರ್ಷ ಒಂದಿಷ್ಟು ಹಳೇ ಪೈಪು ಬದಲಾಯಿಸಬಹುದಿತ್ತು.

ಹಾಗಾಗಿ ಪುಟ್ಟ ಡಿಸ್ಟ್ರಿಕ್ಟಿಗೆ ಖರ್ಚು ವಾಪಸ್ ಕೊಡುವುದು, ಜೊತೆಗೆ ಬೋರ್ಡಿನ ಸಭೆಗೆ ಮಾತ್ರ ಸಣ್ಣ ಭತ್ಯೆ ಕೊಡುವುದು ಸಾಕು. ಪೂರ್ತಿ ಬಿಟ್ಟಿ ಬೇಡ. ಸಂಜೆ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡುವಷ್ಟಾದರೂ ಸಿಗಬೇಕು. ರೈತರೇ ರೈತರಿಗಾಗಿ ನಡೆಸುವ ಮಣ್ಣು-ನೀರು ಡಿಸ್ಟ್ರಿಕ್ಟು ಹಳೇ ದಾರಿಯಲ್ಲೇ ಇದ್ದರೆ ಅಡ್ಡಿಯಿಲ್ಲ. ಫ್ಲಾರಿಡಾದವರು 2022ರಲ್ಲಿ ಈ ಮಂಡಳಿಗಳಿಗೆ ಕೃಷಿಯಲ್ಲಿರುವವರೇ ಬರಬೇಕು ಅಂತ ಕಾನೂನನ್ನೇ ಮಾಡಿದರು. ಅದು ಬಾಗಿಲನ್ನು ಇನ್ನಷ್ಟು ಕಿರಿದು ಮಾಡಿತು ಅಂತ ನನಗನ್ನಿಸುತ್ತದೆ. ಕೆಳಗಡೆ ಕೊಳವೆಬಾವಿ ನೀರು ಕುಡಿಯುವ ಊರಿನವರೂ ಅಲ್ಲಿರಬೇಕಿತ್ತು.

ಬಾವಿಗೆ ಪರವಾನಗಿ ಕೊಡುವ, ದಂಡ ಹಾಕುವ ಅಧಿಕಾರ ಇದ್ದರೆ ಟೆಕ್ಸಾಸ್ ದಾರಿ: ದಿನಕ್ಕೆ ಒಳ್ಳೆಯ ದರ, ವರ್ಷಕ್ಕೆ ಗಟ್ಟಿ ಮಿತಿ, ಸಹಿ ಹಾಕಿದ ಹೇಳಿಕೆ. ಇನ್ನೊಬ್ಬರ ಪಂಪು ನಿಲ್ಲಿಸುವ ಕುರ್ಚಿಯಲ್ಲಿ ದೊಡ್ಡ ಪಂಪಿನ ಯಜಮಾನರೇ ತುಂಬಿಕೊಳ್ಳಬಾರದು ಅಂತಿದ್ದರೆ, ಚಿಕ್ಕವರು ಒಂದು ದಿನ ಕೆಲಸ ಬಿಟ್ಟು ಬರುವಷ್ಟು ದುಡ್ಡು ಇಡಲೇಬೇಕು.

ದೊಡ್ಡ ನಗರದ ಡಿಸ್ಟ್ರಿಕ್ಟಿಗೆ ಕ್ಯಾಲಿಫೋರ್ನಿಯಾದ ಚೌಕಟ್ಟು ಸಾಲುತ್ತದೆ. ಆದರೆ ಟೆಕ್ಸಾಸಿನಿಂದ ವರ್ಷದ ಮಿತಿಯನ್ನು ಎರವಲು ತಂದರೆ ಒಳ್ಳೆಯದು. ಬೋರ್ಡು ತಾನೇ ಅಂಥ ಮಿತಿ ಹಾಕಿಕೊಳ್ಳಲು ಏನೂ ಅಡ್ಡಿಯಿಲ್ಲ. ಏರಿಸಿದ ದರ ಮುಂದಿನ ಚುನಾವಣೆ ಆದ ಮೇಲೆ ಜಾರಿಗೆ ಬರಲಿ ಅಂತಲೂ ಕೇಳಬಹುದು. ಅಮೆರಿಕದ ಸಂಸತ್ತಿಗೇ ಈ ಕಟ್ಟು ಇದೆ. 1789ರಲ್ಲಿ ಸೂಚಿಸಿದ ಸಂವಿಧಾನದ ಆ ತಿದ್ದುಪಡಿ ಪಾಸಾಗಿದ್ದು 1992ರಲ್ಲಿ. ಹತ್ತಿರ ಹತ್ತಿರ 203 ವರ್ಷ! ನಿಮ್ಮೂರಿನ ಬೋರ್ಡಿಗೆ ಒಂದು ಸಂಜೆ ಸಾಕು.

ನೀವೇ ನಿಲ್ಲುವುದಾದರೆ

ಸಾಮಾನ್ಯವಾಗಿ ನಾಗರಿಕರಾಗಿರಬೇಕು, ಆ ಪ್ರದೇಶದ ಮತದಾರರಾಗಿರಬೇಕು. ಗ್ರೀನ್ ಕಾರ್ಡು ಸಾಲದು. ಕೈಗೆ ಬರುವ ಭತ್ಯೆ ಸಂಬಳವೆಂದೇ ಲೆಕ್ಕ, ತೆರಿಗೆ ಹಿಡಿದುಕೊಂಡೇ ಕೊಡುತ್ತಾರೆ. ಬೇಡ ಅಂತ ಬಿಟ್ಟುಕೊಡುವವರೂ ಇದ್ದಾರೆ. ನನ್ನ ಮಾತು ಕೇಳಿದರೆ ಬಿಡಬೇಡಿ. ನೀವು ಸಾಫ್ಟ್‌ವೇರ್ ಸಂಬಳದ ಬಲದ ಮೇಲೆ ಬೇಡ ಅಂದರೆ, ಪಕ್ಕದ ಕುರ್ಚಿಯಲ್ಲಿ ಶಾಲಾ ಬಸ್ ಓಡಿಸುವ ಹೆಣ್ಣುಮಗಳು ಬೇಕು ಅನ್ನಲು ಸಂಕೋಚಪಡುತ್ತಾಳೆ. ತಗೊಂಡು ಬೇಕಾದರೆ ಕನ್ನಡ ಶಾಲೆಗೆ ಕೊಡಿ.

ಹಿಯರಿಂಗಿನ ದಿನ

ಮಂಡ್ಯದ ಗೆಳೆಯ ಕೊನೆಗೆ ಹೋದ. ಮಾತಾಡಲು 3 ನಿಮಿಷ ಕೊಟ್ಟರಂತೆ. ಏನು ಕೇಳಲಿ ಅಂತ ಮುಂಚೆಯೇ ಕೇಳಿದ್ದ, ನಾನು ನಾಲ್ಕು ಪ್ರಶ್ನೆ ಬರೆದು ಕಳಿಸಿದ್ದೆ. ಕಳೆದ ವರ್ಷ ಒಬ್ಬೊಬ್ಬರು ಎಷ್ಟು ದಿನಕ್ಕೆ ದುಡ್ಡು ತಗೊಂಡಿದ್ದೀರಿ? ಅದರಲ್ಲಿ ಬೋರ್ಡಿನ ಸಭೆ ಎಷ್ಟು, ಮಿಕ್ಕಿದ್ದೆಷ್ಟು? ವಿಮೆಗೆ ಎಷ್ಟು ಹೋಯಿತು? ವರ್ಷಕ್ಕೆ ಮಿತಿ ಏನು?

ಮೂರನೆಯ ಪ್ರಶ್ನೆ ಮುಗಿಯುವಷ್ಟರಲ್ಲಿ ಕೆಂಪು ದೀಪ ಹತ್ತಿತಂತೆ. ನಾಲ್ಕನೆಯದನ್ನು ಅವನ ಹಿಂದೆ ಸಾಲಿನಲ್ಲಿ ನಿಂತಿದ್ದ ಮುದುಕಿಯೊಬ್ಬರು ಅವನ ಕೈಯಿಂದ ಚೀಟಿ ತಗೊಂಡು ಓದಿದರಂತೆ.